ಕಬಿನಿ ಹಿನ್ನೀರಲ್ಲಿ ಬೇಸಿಗೆ ಆನೆಗಳನ್ನ ನೋಡೋದು ಹೇಗೆ: ಬುಕಿಂಗ್‌ನಿಂದ ವಾಪಸ್ ಬರೋವರೆಗೂ ಪೂರ್ತಿ ಗೈಡ್

ಕಬಿನಿ ಪಕ್ಕದ ನಾಗರಹೊಳೆ ಕಾಡಿಗೆ ಹೋಗಿ ಬಂದೋರನ್ನ ಯಾರೇ ಸಿಕ್ರೂ ಕೇಳೋದು ಒಂದೇ ಪ್ರಶ್ನೆ, "ಹುಲಿ ಕಾಣ್ತಾ?" ಕಾಣ್ಲಿಲ್ಲ ಅಂದ್ರೆ ಅಯ್ಯೋ ಪಾಪ ಅಂತಾರೆ. ಇದೇ ಪ್ರಶ್ನೆ ತಲೇಲಿ ಇಟ್ಕೊಂಡು ಕಾಡಿಗೆ ಹೋದ್ರೆ ಕಣ್ಣೆದುರಿಗೇ ಮರಿಗಳನ್ನ ಮಧ್ಯೆ ಇಟ್ಕೊಂಡು ಮೇಯ್ತಿರೋ ದೊಡ್ಡ ಹಿಂಡು ಕೂಡ "ಬರೀ ಆನೆ" ಆಗೋಗತ್ತೆ, ಜೀಪು ಎರಡು ನಿಮಿಷ ನಿಂತು ಮುಂದಕ್ಕೆ ಓಡತ್ತೆ. ನನ್ನ ಪ್ರಕಾರ ಬೇಸಿಗೇಲಿ ಕಬಿನಿ ಹಿನ್ನೀರಿಗೆ ಆನೆಗಳು ಇಳಿಯೋದಕ್ಕಿಂತ ದೊಡ್ಡ ನೋಟ ನಮ್ಮ ರಾಜ್ಯದಲ್ಲಿ ಇನ್ನೊಂದಿಲ್ಲ. ಏಷ್ಯಾದ ಆನೆಗಳು ಇಷ್ಟೊಂದು ಸಂಖ್ಯೇಲಿ ಒಂದೇ ಕಡೆ ಸೇರೋ ಜಾಗ ಪ್ರಪಂಚದಲ್ಲೇ ಕಮ್ಮಿ, ಅದು ನಮಗೆ ಮೈಸೂರಿಂದ ಎರಡು ಗಂಟೆ ದಾರಿ. ಅದನ್ನ ಸರಿಯಾಗಿ ನೋಡ್ಬೇಕು ಅಂದ್ರೆ ಯಾವಾಗ ಹೋಗ್ಬೇಕು, ಎಲ್ಲಿ ಉಳ್ಕೋಬೇಕು, ಗಾಡೀಲಿ ಕೂತ್ಮೇಲೆ ಏನ್ ಮಾಡ್ಬೇಕು, ಏನ್ ಮಾಡ್ಬಾರ್ದು, ಎಲ್ಲಾ ಇಲ್ಲಿ ಬರ್ದಿದೀನಿ. ಹುಲಿ ಕಂಡ್ರೆ ಏನ್ಮಾಡ್ಬೇಕು ಅನ್ನೋದೂ ಇದೆ, ಆದ್ರೆ ಅದು ಕೊನೇ ಕಡೆ.

ಮೊದ್ಲು ತಿಂಗಳು ಆರಿಸ್ಕೊಳ್ಳಿ

ಇಲ್ಲಿ ಎಲ್ಲಾ ನಿಂತಿರೋದು ನೀರಿನ ಮಟ್ಟದ ಮೇಲೆ. 1974ರಲ್ಲಿ ಎಚ್.ಡಿ.ಕೋಟೆ ತಾಲ್ಲೂಕಿನ ಬೀಚನಹಳ್ಳಿ ಹತ್ರ ಕಬಿನಿ ಅಣೆಕಟ್ಟು ಆಯ್ತಲ್ಲ, ಅದರ ಹಿನ್ನೀರು ಎರಡು ಕಾಡುಗಳ ಮಧ್ಯೆ ಚಾಚ್ಕೊಂಡಿದೆ, ಉತ್ತರಕ್ಕೆ ನಾಗರಹೊಳೆ, ದಕ್ಷಿಣಕ್ಕೆ ಬಂಡೀಪುರ, ಮೇಲ್ಗಡೆ ವಯನಾಡು. ಹೊಳೆ ಹುಟ್ಟೋದೇ ವಯನಾಡಲ್ಲಿ, ಹಂಗಾಗಿ ಜೂನ್ ಜುಲೈಲಿ ಅಲ್ಲಿ ಮಳೆ ಹೊಡೆದ್ರೆ ಇಲ್ಲಿ ಡ್ಯಾಮು ತುಂಬತ್ತೆ, ನೀರು ಕಾಡಿನ ಅಂಚಿನವರೆಗೂ ಬಂದು ನಿಲ್ಲತ್ತೆ. ಆಗ ಕಾಡೊಳಗೆ ಎಲ್ಲಾ ಕಡೆ ಹುಲ್ಲು, ಎಲ್ಲಾ ಗುಂಡೀಲೂ ನೀರು, ಆನೆಗೆ ಹಿನ್ನೀರಿಗೆ ಬರೋ ಅಗತ್ಯಾನೇ ಇರಲ್ಲ, ಚದುರಿಹೋಗಿರ್ತವೆ.

ಜನವರಿ ಆದ್ಮೇಲೆ ಕಥೆ ಬೇರೆ. ಕಾಲುವೆಗೆ ನೀರು ಬಿಡ್ತಾ ಬಿಡ್ತಾ ಹಿನ್ನೀರು ಇಳಿಯತ್ತೆ, ಇಳಿದಂಗೆಲ್ಲ ಒದ್ದೆ ಮಣ್ಣು ಬಯಲಾಗಿ ಅದರ ಮೇಲೆ ಎಳೇ ಹುಲ್ಲು ಹುಟ್ಟತ್ತೆ, ಅದೇ ಹೊತ್ತಿಗೆ ಕಾಡೊಳಗಿನ ಹಡ್ಲುಗಳು (ಜವುಗು ಹುಲ್ಲುಗಾವಲು) ಒಣಗ್ತಾ ಬರ್ತವೆ, ಕೆರೆಕಟ್ಟೆ ತಳ ಕಾಣ್ತವೆ. ಹಸಿರು ಮೇವು, ಕುಡಿಯೋಕೆ ನೀರು, ಮೈ ತಣಿಸ್ಕೊಳ್ಳೋಕೆ ಕೆಸರು, ಮೂರೂ ಒಂದೇ ಕಡೆ ಸಿಗೋದು ಆಗ ಹಿನ್ನೀರಲ್ಲಿ ಮಾತ್ರ. ಒಂದು ದೊಡ್ಡ ಆನೆಗೆ ದಿನಕ್ಕೆ ಸುಮಾರು 150 ಕೆ.ಜಿ. ಮೇವು, ನೂರು ಲೀಟರ್‌ಗೂ ಜಾಸ್ತಿ ನೀರು ಬೇಕು, ಲೆಕ್ಕ ಹಾಕಿ ನೋಡಿ ಒಂದು ಹಿಂಡಿಗೆ ಎಷ್ಟಾಯ್ತು ಅಂತ. ಅದಕ್ಕೇ ಸುತ್ತಮುತ್ತ ಕಾಡುಗಳಿಂದ ಹಿಂಡು ಹಿಂಡಾಗಿ ಇಳಿದು ಬರ್ತವೆ.

ಮಾರ್ಚ್ ಎರಡನೇ ವಾರದಿಂದ ಮೇ ಮಧ್ಯದವರೆಗೆ ಇಟ್ಕೊಳ್ಳಿ. ನನ್ನನ್ನ ಒಂದೇ ತಿಂಗಳು ಹೇಳಿ ಅಂದ್ರೆ ಏಪ್ರಿಲ್. ಬಿಸಿಲು ಜೋರಾಗೇ ಇರತ್ತೆ, ಎಲೆ ಉದುರಿರತ್ತೆ, ಲಂಟಾನ ಪೊದೆ ಒಣಗಿರತ್ತೆ, ಹಂಗಾಗಿ ಕಣ್ಣು ದೂರ ಹೋಗತ್ತೆ. ಅಲ್ಲೊಂದು ಇಲ್ಲೊಂದು ಮಳೆ ಬಿದ್ರೆ ಚಿಂತೆ ಇಲ್ಲ, ಆದ್ರೆ ಮೇ ತಿಂಗಳಲ್ಲಿ ದಿನಾ ಸಂಜೆ ಮಳೆ ಹಿಡಿದ್ರೆ ಕಾಡೊಳಗೆ ಗುಂಡಿಗಳು ತುಂಬಿ ಆನೆಗಳು ವಾಪಸ್ ಹೊರಡ್ತವೆ. ಫೆಬ್ರವರಿ ಮಾರ್ಚಲ್ಲಿ ಕಾಡ್ಗಿಚ್ಚಿನ ಭಯ ಇರತ್ತೆ, ಬೆಂಕಿ ಬಿದ್ದ ದಿನ ಸಫಾರಿ ನಿಲ್ಲಿಸೋದುಂಟು, ಅದಕ್ಕೆ ಯಾರ ಮೇಲೂ ಕೂಗಾಡೋ ಹಾಗಿಲ್ಲ.

ಗೇಟು, ರೂಮು, ಬುಕಿಂಗ್

ನಾಗರಹೊಳೆಗೆ ಮೂರು ಕಡೆಯಿಂದ ಸಫಾರಿ ಗೇಟಿದೆ, ಹುಣಸೂರು ಕಡೆ ವೀರನಹೊಸಹಳ್ಳಿ, ಕೊಡಗಿನ ಕುಟ್ಟ ಕಡೆ ನಾಣಚ್ಚಿ, ಎಚ್.ಡಿ.ಕೋಟೆ ಅಂತರಸಂತೆ ಕಡೆ ದಮ್ಮನಕಟ್ಟೆ. ಮೂರೂ ಒಂದೇ ಕಾಡು, ಆದ್ರೆ ಒಂದೇ ಅನುಭವ ಅಲ್ಲ. ಹಿನ್ನೀರು ನೋಡ್ಬೇಕು ಅಂದ್ರೆ ದಮ್ಮನಕಟ್ಟೆನೇ ಆಗ್ಬೇಕು, ನೆಟ್ಟಲ್ಲಿ "ನಾಗರಹೊಳೆ ಸಫಾರಿ" ಅಂತ ಕಂಡಿದ್ದನ್ನ ಬುಕ್ ಮಾಡಿ ಆಮೇಲೆ ಅದು ವೀರನಹೊಸಹಳ್ಳಿದು ಅಂತ ಗೊತ್ತಾಗಿ ಪೇಚಾಡೋರು ಬೇಕಾದಷ್ಟು ಜನ ಇದಾರೆ, ದುಡ್ಡು ಕಟ್ಟೋಕೆ ಮುಂಚೆ ಗೇಟಿನ ಹೆಸರು ಓದ್ಕೊಳ್ಳಿ.

ಉಳ್ಕೊಳ್ಳೋಕೆ ಎರಡು ದಾರಿ. ಕೈಲಿ ದುಡ್ಡಿದ್ರೆ ಕಾರಾಪುರದಲ್ಲಿ ಸರ್ಕಾರದ ಜಂಗಲ್ ಲಾಡ್ಜಸ್ ಇದೆ, ಸುತ್ತ ಖಾಸಗಿ ರೆಸಾರ್ಟುಗಳೂ ಇವೆ, ಜಂಗಲ್ ಲಾಡ್ಜಸ್ ಪ್ಯಾಕೇಜಲ್ಲಿ ಊಟ ತಿಂಡಿ ಜೊತೆ ಸಫಾರಿ ಸೇರಿರತ್ತೆ, ಖಾಸಗಿ ರೆಸಾರ್ಟ್ ಆದ್ರೆ ಸಫಾರಿ ಟಿಕೆಟ್ ರೇಟಲ್ಲಿ ಸೇರಿದ್ಯಾ ಇಲ್ವಾ ಅಂತ ಬಾಯ್ಬಿಟ್ಟು ಕೇಳಿ. ಅಷ್ಟು ಬೇಡ ಅಂದ್ರೆ ಎಚ್.ಡಿ.ಕೋಟೆಯಲ್ಲೋ ಮೈಸೂರಲ್ಲೋ ಸಾಧಾರಣ ಲಾಡ್ಜಲ್ಲಿದ್ದು ಅರಣ್ಯ ಇಲಾಖೆ ಸಫಾರಿಗೆ ಟಿಕೆಟ್ ತಗೊಳ್ಳಿ. ಮೈಸೂರಿಂದ ಕಾರಾಪುರ ಸುಮಾರು 80 ಕಿ.ಮೀ., ಬೆಂಗಳೂರಿಂದ ಸುಮಾರು 220. ಬೆಳಗಿನ ಸಫಾರಿಗೆ ಮೈಸೂರಿಂದ ಕತ್ತಲಲ್ಲೇ ಹೊರಡ್ಬೇಕಾಗತ್ತೆ, ಮಕ್ಕಳಿದ್ರೆ ಎಚ್.ಡಿ.ಕೋಟೆಯಲ್ಲಿ ಉಳ್ಕೊಳ್ಳೋದೇ ವಾಸಿ.

ಬೇಸಿಗೆ ರಜೆ, ಶನಿವಾರ ಭಾನುವಾರ ಅಂದ್ರೆ ತಿಂಗಳುಗಟ್ಟಲೆ ಮುಂಚೆ ಬುಕ್ಕಾಗಿರತ್ತೆ. ಮಂಗಳವಾರ ಬುಧವಾರ ಹೋಗೋಕಾದ್ರೆ ಹೋಗಿ, ಗಾಡಿ ಕಮ್ಮಿ, ಗದ್ದಲ ಕಮ್ಮಿ, ಡ್ರೈವರ್‌ಗೂ ಪುರುಸೊತ್ತಿರತ್ತೆ. ಒಂದೇ ಸಫಾರಿಗೆ ಅಷ್ಟು ದೂರ ಹೋಗ್ಬೇಡಿ, ಎರಡು ರಾತ್ರಿ ಇದ್ದು ಬೆಳಗ್ಗೆ ಸಂಜೆ ಸೇರಿ ಮೂರ್ನಾಲ್ಕು ಸಫಾರಿ ಮಾಡಿ, ಅದರಲ್ಲಿ ಒಂದು ಬೋಟಿಂದು ಇರಲಿ. ಕಾಡು ಒಂದೊಂದು ಹೊತ್ತಲ್ಲೂ ಬೇರೆ ಥರ ಇರತ್ತೆ, ಬೆಳಗ್ಗೆ ಖಾಲಿ ಇದ್ದ ಬಯಲು ಸಂಜೆ ನಾಲ್ಕೂವರೆಗೆ ಕಪ್ಪಾಗಿ ತುಂಬಿರತ್ತೆ. ಆನೆಗೆ ಸಂಜೆ ಸಫಾರಿನೇ ಮೇಲು, ಬಿಸಿಲು ಇಳೀತಾ ಇದ್ದಂಗೆ ಒಂದೊಂದೇ ಹಿಂಡು ಮರಗಳ ಮಧ್ಯದಿಂದ ಹೊರಗೆ ಬರತ್ತೆ.

ಇನ್ನೊಂದು ಮುಖ್ಯ ವಿಷ್ಯ. 2025ರ ನವೆಂಬರ್‌ನಲ್ಲಿ ಈ ಕಡೆ ಹುಲಿ ದಾಳೀಲಿ ರೈತರು ಪ್ರಾಣ ಕಳ್ಕೊಂಡ ಮೇಲೆ ಸರ್ಕಾರ ನಾಗರಹೊಳೆ, ಬಂಡೀಪುರ ಎರಡ್ರಲ್ಲೂ ಸಫಾರಿ ನಿಲ್ಲಿಸಿತ್ತು. ಇಂಥ ಪರಿಸ್ಥಿತಿ ಯಾವಾಗ ಬೇಕಾದ್ರೂ ಬರಬಹುದು, ಹಂಗಾಗಿ ರೂಮಿಗೆ ದುಡ್ಡು ಕಟ್ಟೋ ಮುಂಚೆ ಸಫಾರಿ ನಡೀತಿದ್ಯಾ, ಎಷ್ಟು ಟ್ರಿಪ್ ಬಿಡ್ತಿದಾರೆ, ಬೋಟ್ ಇದ್ಯಾ ಅಂತ ಅರಣ್ಯ ಇಲಾಖೆಯಿಂದಲೇ ಖಾತ್ರಿ ಮಾಡ್ಕೊಳ್ಳಿ.

ಬ್ಯಾಗಲ್ಲಿ ಏನಿರ್ಬೇಕು

ಮಣ್ಣು ಬಣ್ಣದ, ಹಸಿರು ಬಣ್ಣದ ಹಳೇ ಕಾಟನ್ ಬಟ್ಟೆ, ಟೋಪಿ, ಮೂಗಿಗೆ ಕಟ್ಕೊಳ್ಳೋಕೆ ಒಂದು ಬಟ್ಟೆ (ಬೇಸಿಗೇಲಿ ಧೂಳು ವಿಪರೀತ), ಸ್ಟೀಲ್ ಬಾಟಲಲ್ಲಿ ನೀರು, ಗುರುತಿನ ಚೀಟಿ. ಸೆಂಟು ಹೊಡ್ಕೊಂಡು ಬರ್ಬೇಡಿ, ಆನೆ ಮೂಗು ಎಂಥದ್ದು ಅಂತ ಮುಂದೆ ಹೇಳ್ತೀನಿ. ತಿನ್ನೋ ಪದಾರ್ಥ ಗಾಡಿಗೆ ತರೋದೇ ಬೇಡ.

ನಿಜವಾಗ್ಲೂ ದುಡ್ಡು ಹಾಕೋ ಹಾಗಿದ್ರೆ ಕ್ಯಾಮೆರಾ ಮೇಲಲ್ಲ, ಬೈನಾಕ್ಯುಲರ್ ಮೇಲೆ ಹಾಕಿ. 8x42 ಅಂತ ಬರ್ದಿರೋದು ತಗೊಳ್ಳಿ, ಎಂಟು ಪಟ್ಟು ಹತ್ರ ಕಾಣತ್ತೆ, 42 ಮಿ.ಮೀ. ಗಾಜು ಇರೋದ್ರಿಂದ ಸಂಜೆ ಮಬ್ಬಲ್ಲೂ ಬೆಳಕು ಸಾಕಾಗತ್ತೆ. ಹತ್ತು ಹನ್ನೆರಡು ಪಟ್ಟಿಂದು ಆಸೆಪಟ್ಟು ತಗೊಂಡ್ರೆ ಗಾಡೀಲಿ ಕೈ ನಡುಗಿ ಏನೂ ಕಾಣಲ್ಲ. ಇದು ಇಲ್ದೆ ಹಿನ್ನೀರಿಗೆ ಹೋದ್ರೆ ಆಚೆ ದಡದಲ್ಲಿರೋ ಹಿಂಡು ಬರೀ ಕಪ್ಪು ಚುಕ್ಕೆ, ಇದ್ರೆ ಮರಿ ತಾಯಿ ಕಾಲ್ ಸಂದೀಲಿ ನುಸುಳ್ತಿರೋದೂ ಕಾಣತ್ತೆ. ಕ್ಯಾಮೆರಾ ತಗೊಂಡ್ ಹೋಗೋರು ಲೆನ್ಸ್ ಉದ್ದದ ಮೇಲೆ ಬೇರೆ ಫೀಸಿದೆ ಅನ್ನೋದು ನೆನಪಿಟ್ಕೊಳ್ಳಿ. ಒಂದು ಸಣ್ಣ ನೋಟ್‌ಬುಕ್ಕು, ಪೆನ್ಸಿಲ್ಲು, ಇದಂತೂ ಬೇಕೇಬೇಕು.

ಗಾಡಿ ಹತ್ತೋ ಮುಂಚೆ ಡ್ರೈವರ್ ಹತ್ರ ಮಾತಾಡಿ

ಇದನ್ನ ಯಾರೂ ಮಾಡಲ್ಲ, ಆದ್ರೆ ಇಡೀ ಟ್ರಿಪ್ಪಲ್ಲಿ ಅತಿ ದೊಡ್ಡ ವ್ಯತ್ಯಾಸ ಮಾಡೋದು ಇದೇ. ಹುಲಿ ತೋರಿಸ್ಲಿಲ್ಲ ಅಂದ್ರೆ ಜನ ಮುಖ ಸಿಂಡರಿಸ್ತಾರೆ ಅಂತ ಡ್ರೈವರ್‌ಗಳಿಗೆ ಚೆನ್ನಾಗಿ ಗೊತ್ತು, ಅದೇ ಒತ್ತಡದಲ್ಲಿ ಅವ್ರು ಒಂದು ಕಡೆಯಿಂದ ಇನ್ನೊಂದು ಕಡೆಗೆ ಓಡಿಸ್ತಾನೇ ಇರ್ತಾರೆ. ನೀವು ಹೋಗಿ "ಅಣ್ಣ, ನಮಗೆ ಹುಲಿ ಕಾಣ್ಲೇಬೇಕು ಅಂತೇನಿಲ್ಲ, ಹಿನ್ನೀರಲ್ಲಿ ಆನೆ ಸಿಕ್ರೆ ಇಂಜಿನ್ ಆಫ್ ಮಾಡಿ ಅಲ್ಲೇ ನಿಲ್ಸಿ, ಎಷ್ಟು ಹೊತ್ತಾದ್ರೂ ಪರ್ವಾಗಿಲ್ಲ" ಅಂತ ಹೇಳಿ ನೋಡಿ, ಅವ್ರ ಮುಖಾನೇ ಬದಲಾಗತ್ತೆ. ಈ ಕೆಲಸದಲ್ಲಿರೋ ಎಷ್ಟೋ ಡ್ರೈವರ್‌ಗಳು, ವಾಚರ್‌ಗಳು ಸುತ್ತಮುತ್ತಲ ಹಳ್ಳಿ ಹಾಡಿಯೋರು (ಹಾಡಿ ಅಂದ್ರೆ ಆದಿವಾಸಿಗಳ ಊರು), ಜೇನು ಕುರುಬರು, ಬೆಟ್ಟ ಕುರುಬರು ಇದಾರೆ, ಕಾಡು ಅವ್ರಿಗೆ ಹುಟ್ಟಿದಾಗಿಂದ ಗೊತ್ತು. ಯಾವ ಹಿಂಡು ಎಲ್ಲಿಂದ ಇಳಿಯತ್ತೆ, ಯಾವ ಸಲಗ ಮುಂಗೋಪಿ ಅಂತೆಲ್ಲ ಕೇಳಿದ್ರೆ ತಾನೇ ಹೇಳೋದು.

ಕ್ಯಾಂಟರ್‌ನಲ್ಲಾದ್ರೆ (ಸಫಾರಿಯ ದೊಡ್ಡ ಗಾಡಿ) ಬೇರೆಯೋರೂ ಇರ್ತಾರೆ, ಎಲ್ರಿಗೂ ಒಂದೇ ಆಸೆ ಇರಲ್ಲ. ಹೊರಡೋ ಮುಂಚೆ ಪಕ್ಕದಲ್ಲಿರೋರ ಹತ್ರ ಎರಡು ಮಾತಾಡಿ, ಮಕ್ಕಳಿದ್ರೆ ಅವಕ್ಕೆ ಏನೇನು ಕಾಣಬಹುದು ಅಂತ ಹೇಳಿ, ಆಮೇಲೆ ಅವೇ ಬಾಯಿ ಮೇಲೆ ಬೆರಳಿಟ್ಕೊಂಡು ದೊಡ್ಡೋರನ್ನ ಸುಮ್ನಿರಿಸ್ತವೆ.

ಕಾಡೊಳಗೆ ಮೊದಲ ಅರ್ಧ ಗಂಟೆ ಬರೀ ಕಿವಿ

ಗೇಟು ದಾಟಿದ ತಕ್ಷಣ ಎಲ್ರೂ ಕಣ್ಣಗಲಿಸಿ ನೋಡ್ತಾರೆ. ಕಣ್ಣಿಗೆ ಮೊದ್ಲು ಏನೂ ಸಿಗಲ್ಲ, ಮತ್ತಿ, ಹೊನ್ನೆ, ತೇಗ, ಬಿದಿರು, ಅದರ ಹಿಂದೆ ಇನ್ನಷ್ಟು ಮರ. ಕಿವಿ ಬಳಸಿ. ಜಿಂಕೆ ಹೆದರಿದಾಗ ಕೀರಲು ದನೀಲಿ ಒಂದೇ ಸಲ ಕೂಗತ್ತೆ, ಆದ್ರೆ ಅದು ಸಣ್ಣದಕ್ಕೂ ಬೆಚ್ಚಿಬಿದ್ದು ಕೂಗಿಬಿಡತ್ತೆ, ಒಂದು ಕೂಗಿಗೆ ಗಾಡಿ ಓಡಿಸ್ಬೇಡಿ. ಮುಸುವ ಮರದ ತುದೀಲಿ ಕೂತು ಕೆಳಗೆ ಒಂದೇ ದಿಕ್ಕಿಗೆ ನೋಡ್ತಾ ಕೆಮ್ಮಿದಂಗೆ ಕೂಗ್ತಿದ್ರೆ ಏನೋ ಇದೆ. ಕಾಡುಕುರಿ (ಹೆಸರು ಕುರಿ, ಆದ್ರೆ ಸಣ್ಣ ಜಿಂಕೆ ಜಾತಿ) ನಾಯಿ ಬೊಗಳಿದಂಗೆ ಬಿಟ್ಟು ಬಿಟ್ಟು ತುಂಬಾ ಹೊತ್ತು ಬೊಗಳತ್ತೆ. ಕಡವೆ ಮಾತ್ರ ಸುಮ್ಸುಮ್ನೆ ಕೂಗಲ್ಲ, ಅದರ ಢಾಂಕ್ ಅನ್ನೋ ಗಟ್ಟಿ ಕೂಗು ಮತ್ತೆ ಮತ್ತೆ ಬಂದ್ರೆ ಹುಲಿಯೋ ಚಿರತೆಯೋ ಹತ್ರದಲ್ಲೇ ಓಡಾಡ್ತಿದೆ ಅಂತ ನಂಬಬಹುದು. ಮುಸುವದ ಮರದ ಕೆಳಗೆ ಜಿಂಕೆ ಮೇಯೋದು ಎಲ್ಲಾ ಕಡೆ ಕಾಣತ್ತೆ, ಮೇಲಿಂದ ಎಲೆ ಕಾಯಿ ಉದುರತ್ತೆ ಅಂತ ಒಂದು, ಮೇಲೆ ಕಾವಲು ಇದೆ ಅಂತ ಇನ್ನೊಂದು.

ಆಮೇಲೆ ರಸ್ತೆ ಓದೋದು ಕಲೀರಿ. ಧೂಳಲ್ಲಿ ಹೆಜ್ಜೆ ಗುರುತು ಕಂಡ್ರೆ ಅದು ಗಾಡಿ ಚಕ್ರದ ಗುರುತಿನ ಮೇಲಿದ್ಯಾ ಕೆಳಗಿದ್ಯಾ ನೋಡಿ, ಮೇಲಿದ್ರೆ ಕೊನೇ ಗಾಡಿ ಹೋದ್ಮೇಲೆ ಪ್ರಾಣಿ ನಡೆದಿದೆ ಅಂತ ಅರ್ಥ. ಆನೆ ಲದ್ದಿ ಹಸಿಯಾಗಿ ಹೊಳೀತಿದ್ರೆ, ಮುರಿದ ಬಿದಿರಿನ ತುದಿ ಇನ್ನೂ ಒದ್ದೆಯಿದ್ರೆ ಹಿಂಡು ಪಕ್ಕದಲ್ಲೇ ಇದೆ, ಕೆಲವು ಸಲ ಕಾಣೋಕೆ ಮುಂಚೆ ವಾಸನೇನೇ ಬರತ್ತೆ.

ದಾರೀಲಿ ಕಾಟಿ (ಕಾಡೆಮ್ಮೆ) ಸಿಗ್ತವೆ, ಗಂಡು ಕಾಟಿ ಒಂದು ಟನ್ ಹತ್ರ ತೂಗತ್ತೆ, ಎಣ್ಣೆ ಹಚ್ಚಿದಂಗೆ ಮಿರಮಿರ ಮಿಂಚೋ ಕಪ್ಪು ಮೈ, ಮೊಣಕಾಲಿಂದ ಕೆಳಗೆ ಬಿಳಿ. ಸೀಳುನಾಯಿ ಹಿಂಡು ಸಿಕ್ರೆ ಅದೃಷ್ಟ ಅಂದ್ಕೊಳ್ಳಿ, ಅವು ಬೊಗಳಲ್ಲ, ಶಿಳ್ಳೆ ಹೊಡ್ದು ಒಂದನ್ನೊಂದು ಕರೀತವೆ, ಹಗಲಲ್ಲೇ ಬೇಟೆ ಆಡ್ತವೆ. ಹುಲಿ, ಚಿರತೆ, ಸೀಳುನಾಯಿ ಮೂರೂ ಒಂದೇ ಕಾಡಲ್ಲಿ ಹೆಂಗೆ ಬದುಕ್ತವೆ ಅನ್ನೋದನ್ನ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಇದೇ ನಾಗರಹೊಳೇಲಿ ಅಧ್ಯಯನ ಮಾಡಿ 1995ರಲ್ಲಿ ಪ್ರಕಟಿಸಿದ್ರು, ಹುಲಿ ಕಾಟಿ ಕಡವೆಯಂಥ ದೊಡ್ಡ ಪ್ರಾಣಿಗಳನ್ನ ಹೆಚ್ಚು ಆರಿಸ್ಕೊಳ್ಳತ್ತೆ, ಚಿರತೆ ಮತ್ತೆ ಸೀಳುನಾಯಿ ಅದಕ್ಕಿಂತ ಸಣ್ಣದರ ಮೇಲೆ ಬೀಳ್ತವೆ. ಅಂದ್ರೆ ನೀವು "ಬರೀ ಜಿಂಕೆ, ಬರೀ ಕಡವೆ" ಅಂತ ದಾಟಿ ಹೋಗೋವು ಇರೋದ್ರಿಂದಲೇ ಹುಲಿ ಇರೋದು.

ಹಿನ್ನೀರು ಬಂತು, ಈಗ ನಿಲ್ಲಿ

ಮರಗಳ ಸಾಲು ಮುಗ್ದು ಒಮ್ಮೆಲೇ ಬಯಲು ತೆರ್ಕೊಳ್ಳತ್ತೆ. ಇಂಜಿನ್ ಆಫ್ ಮಾಡ್ಸಿ. ಮೊದಲ ಹತ್ತು ನಿಮಿಷ ಕ್ಯಾಮೆರಾ ಮೊಬೈಲು ಮುಟ್ಬೇಡಿ, ಇದನ್ನ ನಾನು ಗಟ್ಟಿಯಾಗೇ ಹೇಳ್ತೀನಿ. ಗಾಡಿ ಬಂದಾಗ ಹಿಂಡಲ್ಲಿ ಒಂದು ಸಣ್ಣ ಬಿಗಿ ಬರತ್ತೆ, ದೊಡ್ಡ ಹೆಣ್ಣಾನೆ ಸೊಂಡಿಲು ಎತ್ತಿ ನಿಮ್ಮ ಕಡೆ ಗಾಳಿ ಮೂಸತ್ತೆ, ಮರಿಗಳು ಒಳಗೆ ಸರೀತವೆ, ನೀವು ಅಲುಗಾಡದೆ ಇದ್ರೆ ಕ್ರಮೇಣ ಎಲ್ಲಾ ಸಡಿಲ ಆಗಿ ಮತ್ತೆ ಮೇಯೋಕೆ ಶುರು ಮಾಡ್ತವೆ. ನಿಜವಾದ ನೋಟ ಶುರುವಾಗೋದೇ ಆಗ, ಎರಡು ನಿಮಿಷಕ್ಕೆ ಹೊರಟೋದ ಗಾಡಿಯೋರಿಗೆ ಇದು ಸಿಗೋದೇ ಇಲ್ಲ.

ಮೊದ್ಲು ಎಣಿಸಿ. ದೊಡ್ಡವು ಎಷ್ಟು, ಅರ್ಧ ಬೆಳೆದವು ಎಷ್ಟು, ತಾಯಿ ಹೊಟ್ಟೆ ಕೆಳಗೆ ನುಸುಳೋಷ್ಟು ಸಣ್ಣ ಮರಿ ಎಷ್ಟು. ಬರ್ಕೊಳ್ಳಿ. ಎಣಿಸೋಕೆ ಹೋದಾಗಲೇ ಗೊತ್ತಾಗೋದು ಅದು ಒಂದು ಗುಂಪಲ್ಲ, ನಾಲ್ಕೈದು ಸಂಸಾರ ಪಕ್ಕಪಕ್ಕದಲ್ಲಿ ಮೇಯ್ತಿವೆ ಅಂತ. ಪ್ರತಿ ಸಂಸಾರಕ್ಕೂ ಒಬ್ಬಳು ಹಿರಿಯಳು, ಅವಳು ನಡೆದ್ರೆ ಉಳಿದವು ನಡೀತವೆ, ಅವಳು ನಿಂತ್ರೆ ನಿಲ್ತವೆ, ಯಾರು ಆ ಹಿರಿಯಳು ಅಂತ ಕಂಡುಹಿಡಿಯೋದೇ ನಿಮ್ಮ ಎರಡನೇ ಕೆಲಸ. ಗಂಡು ಮರಿಗಳು ಹದಿಮೂರು ಹದಿನಾಲ್ಕು ವರ್ಷ ಆಸುಪಾಸು ಹಿಂಡು ಬಿಟ್ಟು ಹೋಗ್ತವೆ, ಅವು ಅಂಚಿನಲ್ಲಿ ಒಂಟಿಯಾಗೋ ಜೋಡಿಯಾಗೋ ಇರ್ತವೆ, ಸೊಂಡಿಲಿಗೆ ಸೊಂಡಿಲು ಹಾಕಿ ತಳ್ಳಾಡೋದು ನೋಡೋಕೆ ಆಟದಂಗೆ ಕಂಡ್ರೂ ಯಾರು ಎಷ್ಟು ಬಲಶಾಲಿ ಅಂತ ಅಳೀತಿರ್ತವೆ.

ಮೇಯೋದನ್ನೇ ನೋಡಿ. ಬೇಸಿಗೆ ಹುಲ್ಲು ಗಿಡ್ಡ, ಸೊಂಡಿಲಿಗೆ ಸಿಗಲ್ಲ, ಅದಕ್ಕೆ ಮುಂಗಾಲಿನ ಉಗುರಲ್ಲಿ ಒದ್ದು ಒದ್ದು ಬುಡ ಸಡಿಲ ಮಾಡಿ, ಸೊಂಡಿಲಲ್ಲಿ ಗುಡ್ಡೆ ಹಾಕ್ಕೊಂಡು, ಮಣ್ಣು ಹೋಗೋಕೆ ಕಾಲಿಗೆ ಬಡ್ದು, ಆಮೇಲೆ ಬಾಯಿಗೆ ಇಡತ್ತೆ. ಎಳೇ ಮರಿಗೆ ಇದ್ಯಾವುದೂ ಬರಲ್ಲ, ಮೊದಲ ಕೆಲವು ತಿಂಗಳು ಸೊಂಡಿಲಲ್ಲಿ ನೀರು ಕುಡಿಯೋಕೂ ಬರಲ್ಲ, ಮೊಣಕಾಲೂರಿ ಬಾಯಿಂದಾನೇ ಹೀರತ್ತೆ. ಎರಡು ಸಂಸಾರ ಎದುರಾದಾಗ ಒಂದು ಇನ್ನೊಂದರ ಬಾಯಿಗೆ ಸೊಂಡಿಲು ಇಡೋದು ಅವುಗಳ ನಮಸ್ಕಾರ. ನೀರಿಗಿಳಿದು ಬರೀ ಸೊಂಡಿಲ ತುದಿ ಮೇಲಿಟ್ಕೊಂಡು ಆಚೆ ದಡಕ್ಕೆ, ಅಂದ್ರೆ ಬಂಡೀಪುರಕ್ಕೆ, ಈಜಿಕೊಂಡು ಹೋಗೋದು ಕಂಡ್ರೆ ಮಿಕ್ಕಿದ್ದೆಲ್ಲ ಬಿಟ್ಟು ನೋಡಿ. ಒಂದೊಂದ್ಸಲ ಯಾವ ಕಾರಣಾನೂ ಕಾಣ್ದೆ ಇಡೀ ಹಿಂಡು ಮೇಯೋದು ನಿಲ್ಲಿಸಿ ಕಲ್ಲಾಗಿ ನಿಂತುಬಿಡತ್ತೆ, ಆನೆಗಳು ನಮ್ಮ ಕಿವಿಗೆ ಕೇಳಿಸ್ದೇ ಇರೋಷ್ಟು ಕೆಳಗಿನ ದನೀಲಿ ಕಿಲೋಮೀಟರ್‌ಗಟ್ಟಲೆ ದೂರಕ್ಕೆ ಮಾತಾಡ್ತವೆ, ಆ ಹೊತ್ತಲ್ಲಿ ಎಲ್ಲಿಂದಲೋ ಬಂದದ್ದನ್ನ ಕೇಳಿಸ್ಕೊಳ್ತಿರಬಹುದು.

ಈ ಬಯಲಿಗೆ ಒಂದು ಚರಿತ್ರೆ ಇದೆ. ಮೈಸೂರು ಮಹಾರಾಜರ ಕಾಲದಲ್ಲಿ ಕಾಕನಕೋಟೆ ಖೆಡ್ಡಾ ಅಂತ ಆನೆ ಹಿಡಿಯೋದು ನಡೀತಿತ್ತಲ್ಲ, ಡೋಲು ತಮಟೆ ಬಡ್ದು, ಬೆಂಕಿ ಹಚ್ಚಿ, ಹಿಂಡನ್ನ ಅಟ್ಟಿಸ್ಕೊಂಡು ಬಂದು ಹೊಳೆ ದಾಟಿಸಿ ಆವರಣಕ್ಕೆ ಕೂಡೋರು, ದೇಶವಿದೇಶದ ಅತಿಥಿಗಳು ಅದನ್ನ ನೋಡೋಕೆ ಬರೋರು. ಕೊನೇ ಖೆಡ್ಡಾ ಆಗಿದ್ದು 1971ರಲ್ಲಿ. ಆಮೇಲೆ ಡ್ಯಾಮಿನ ನೀರು ಆ ಜಾಗದ ಮೇಲೆ ಬಂತು. ಹಿಡಿದು ಪಳಗಿಸ್ತಿದ್ದ ಅದೇ ಸೀಮೇಲಿ ಇವತ್ತು ಅವು ಮರಿಗಳ ಜೊತೆ ನಿಶ್ಚಿಂತೆಯಾಗಿ ಮೇಯೋದನ್ನ ಕಂಡ್ರೆ ನನಗಂತೂ ಪ್ರತಿ ಸಲ ಕಣ್ಣು ತುಂಬತ್ತೆ. 2023ರ ಗಣತಿ ಪ್ರಕಾರ ಕರ್ನಾಟಕದಲ್ಲಿ 6,395 ಆನೆ ಇದ್ವು, ದೇಶದಲ್ಲೇ ಜಾಸ್ತಿ ಆನೆ ಇರೋ ರಾಜ್ಯ ನಮ್ಮದು, ಇದು ನಮಗೆ ಹೆಮ್ಮೆ ಆಗ್ಬೇಕಾದ ವಿಷಯ.

ಸಲಗಗಳನ್ನ ಹೆಸರಿಟ್ಟು ಗುರುತಿಸೋಕೂ ಕಲೀಬಹುದು, ಕಿವಿ ಅಂಚಿನ ಹರಕು, ದಂತದ ಬಾಗು, ಬಾಲದ ಕೂದಲು ಒಂದೊಂದಕ್ಕೂ ಬೇರೆ. ಏಷ್ಯಾದ ಆನೆಯಲ್ಲಿ ಉದ್ದ ದಂತ ಇರೋದು ಗಂಡಿಗೆ ಮಾತ್ರ, ಗಂಡಲ್ಲೂ ದಂತ ಇಲ್ಲದ್ದಿವೆ, ಅದನ್ನ ಮಖನಾ ಅಂತಾರೆ. ಕಬಿನಿಯ ಭೋಗೇಶ್ವರ ಗೊತ್ತಿರತ್ತೆ, ನೆಲ ಮುಟ್ಟೋ ಹಾಗೆ ಒಂದರ ಮೇಲೊಂದು ಹಾಯ್ದಿದ್ದ ದಂತ, 2022ರ ಜೂನಲ್ಲಿ ವಯಸ್ಸಾಗಿ ತೀರ್ಕೊಂಡಾಗ ಅಳೆದ್ರೆ ಒಂದು ದಂತ 2.54 ಮೀಟರ್, ಇನ್ನೊಂದು 2.34 ಮೀಟರ್ ಇತ್ತು. ಅಷ್ಟು ದೊಡ್ಡ ಸಲಗ, ಆದ್ರೂ ಗಾಡಿಗಳ ಮುಂದೆ ತಣ್ಣಗೆ ಮೇಯ್ಕೊಂಡು ಹೋಗ್ತಿತ್ತು ಅಂತ ಕಬಿನಿಯೋರು ಇವತ್ತಿಗೂ ಹೇಳ್ತಾರೆ.

ಎಲ್ಲಾ ಸಲಗ ಹಂಗಿರಲ್ಲ, ಹಂಗಾಗಿ ಮೈ ಭಾಷೆ ತಿಳ್ಕೊಂಡಿರಿ. ಕಿವಿ ಬೀಸ್ತಾ ಬಾಲ ಅಲ್ಲಾಡಿಸ್ತಾ ಇದ್ರೆ ಆರಾಮಾಗಿದೆ. ಕಿವಿ ಬೀಸೋದು ನಿಂತು ಅಗಲ ಬಿಚ್ಚಿ, ತಲೆ ಎತ್ತಿ, ಬಾಲ ನೆಟ್ಟಗೆ ಮಾಡಿ ನಿಮ್ಮ ಕಡೆ ತಿರುಗಿ ನಿಂತ್ರೆ "ಸಾಕು, ಹೋಗು" ಅಂತ ಹೇಳ್ತಿದೆ. ಒಂದು ಕಾಲು ಹಿಂದೆ ಮುಂದೆ ಆಡಿಸ್ತಾ, ಮಣ್ಣು ಎರಚ್ತಾ ಇದ್ರೆ ಯೋಚನೆ ಮಾಡ್ತಿದೆ. ಘೀಳಿಟ್ಟು ನಾಲ್ಕು ಹೆಜ್ಜೆ ನುಗ್ಗಿ ನಿಂತ್ರೆ ಸಾಮಾನ್ಯವಾಗಿ ಹೆದರಿಸೋಕೆ, ಸೊಂಡಿಲು ಒಳಗೆ ಸುತ್ಕೊಂಡು ಸದ್ದಿಲ್ದೆ ಬಂದ್ರೆ ಅದು ನಿಜವಾದ ದಾಳಿ. ಕಣ್ಣು ಕಿವಿ ಮಧ್ಯೆ ಎಣ್ಣೆ ಥರ ಸೋರಿ ಕೆನ್ನೆ ಕಪ್ಪಾಗಿದ್ರೆ ಮದ ಬಂದಿದೆ ಅಂತ, ಅಂಥ ಸಲಗದ ಹತ್ರ ಗಾಡಿ ಬೇಡವೇ ಬೇಡ. ಇಂಥ ಹೊತ್ತಲ್ಲಿ ಡ್ರೈವರ್ ಏನ್ ಹೇಳ್ತಾರೋ ಅದೇ ಕೊನೇ ಮಾತು, "ಇನ್ನೊಂದೇ ಫೋಟೋ ಅಣ್ಣ" ಅನ್ನೋದು ಇಲ್ಲ.

ಬೋಟಲ್ಲಿ

ಬೋಟ್ ಸಫಾರಿ ಅಂದ್ರೆ ಹುಲಿ ಆಸೆ ಇಲ್ದೆ ಹೋಗೋದು, ಅದಕ್ಕೇ ನನಗೆ ಇಷ್ಟ. ಆನೆ ನೀರಿನ ಅಂಚಲ್ಲಿರತ್ತೆ, ನಿಮ್ಮ ಕಣ್ಣು ಅದರ ಕಾಲಿನ ಮಟ್ಟದಲ್ಲಿರತ್ತೆ, ಜೀಪಿಂದ ನೋಡಿದ ಆನೇನೇ ಎರಡರಷ್ಟು ದೊಡ್ಡದಾಗಿ ಕಾಣತ್ತೆ. ದಡದಲ್ಲಿ ಬಾಯಿ ತೆರ್ಕೊಂಡು ಬಿದ್ದಿರೋ ಮೊಸಳೆ, ಅದೃಷ್ಟ ಇದ್ರೆ ನೀರುನಾಯಿ ಸಂಸಾರ, ಮುಳುಗಿದ ಕಾಡಿನ ಒಣ ಬೊಡ್ಡೆಗಳು ನೀರಿಂದ ಎದ್ದು ನಿಂತಿರ್ತವೆ, ಅದರ ಮೇಲೆ ನೀರುಕಾಗೆ, ಮೀನು ಹಿಡಿಯೋ ಹದ್ದುಗಳು. ಬೋಟಿನೋರಿಗೆ ಹೇಳಿ ಗಾಳಿ ಆನೆ ಕಡೆಯಿಂದ ನಿಮ್ಮ ಕಡೆಗೆ ಬರೋ ಹಾಗೆ ನಿಲ್ಲಿಸಿ, ಇಲ್ಲಾಂದ್ರೆ ನಿಮ್ಮ ವಾಸನೆ ಮೊದ್ಲು ಹೋಗತ್ತೆ. ಬೇಸಿಗೆ ಕೊನೇಲಿ ನೀರು ತೀರಾ ಇಳಿದ್ರೆ ಬೋಟ್ ಬಿಡ್ತಾರಾ ಇಲ್ವಾ ಅಂತ ಮುಂಚೇನೇ ವಿಚಾರಿಸ್ಕೊಳ್ಳಿ.

ಅಕಸ್ಮಾತ್ ಹುಲಿ ಬಂದ್ರೆ

ಬರಬಹುದು, 2022ರ ಲೆಕ್ಕದಲ್ಲಿ ನಾಗರಹೊಳೇಲಿ 141, ಬಂಡೀಪುರದಲ್ಲಿ 150 ಹುಲಿ ಇದ್ವು, ಬೇಸಿಗೇಲಿ ಅವೂ ನೀರಿಗೆ ಬರ್ತವೆ, ಬೆನ್ನು ಕಡೆಯಿಂದ ನೀರಿಗೆ ಇಳಿದು ಕುತ್ತಿಗೆವರೆಗೂ ಮುಳುಗಿ ಕೂತ್ಕೊಳ್ತವೆ. ಎದ್ದು ನಿಲ್ಬೇಡಿ, ಬೆರಳು ತೋರಿಸಿ ಕೂಗ್ಬೇಡಿ. ಅದು ರಸ್ತೆ ದಾಟೋಕೆ ಬರ್ತಿದ್ರೆ ಮುಂದೆ ಗಾಡಿ ಅಡ್ಡ ಹಾಕೋದು ಬೇಡ ಅಂತ ಡ್ರೈವರ್‌ಗೆ ನೀವೇ ಮೆತ್ತಗೆ ಹೇಳಿ, ಹಿಂದೆ ಉಳಿದು ದಾರಿ ಬಿಡಿ, ಅಡ್ಡ ಸಿಗದ ಹುಲಿ ನಿಧಾನಕ್ಕೆ ನಡ್ಕೊಂಡು ಹೋಗತ್ತೆ, ಎಲ್ರಿಗೂ ಜಾಸ್ತಿ ಹೊತ್ತು ಕಾಣತ್ತೆ. ಕಬಿನಿಯ ಕರಿ ಚಿರತೆ ವಿಷಯಕ್ಕೂ ಇದೇ ಮಾತು, ಅದು ಬೇರೆ ಜಾತಿ ಅಲ್ಲ, ಮಾಮೂಲಿ ಚಿರತೆನೇ, ಮೈಯಲ್ಲಿ ಕಪ್ಪು ಬಣ್ಣ ಹೆಚ್ಚಾಗಿರೋದು, ಬಿಸಿಲು ಬಿದ್ರೆ ಒಳಗಿನ ಚುಕ್ಕೆ ಕಾಣ್ತವೆ. ಅದರ ಹಿಂದೆ ಗಾಡಿಗಳ ಸಾಲು ನಿಲ್ಲೋದನ್ನ ನೋಡಿದ್ರೆ ಸಂಕಟ ಆಗತ್ತೆ. ಅಲ್ಲೇ ನಿಂತು "ಈಗ ಇಲ್ಲಿದೆ" ಅಂತ ಜಾಗದ ಸಮೇತ ಸ್ಟೇಟಸ್ ಹಾಕ್ಬೇಡಿ, ಫೋಟೋ ಊರಿಗೆ ಬಂದ್ಮೇಲೆ ಹಾಕಿ, ಜಾಗದ ಗುರುತು ತೆಗ್ದು ಹಾಕಿ.

ರಾತ್ರಿ ಬರೀರಿ, ಮಧ್ಯಾಹ್ನ ಊರಿನೋರ ಹತ್ರ ಮಾತಾಡಿ

ರೂಮಿಗೆ ಬಂದ ತಕ್ಷಣ, ಊಟಕ್ಕೂ ಮುಂಚೆ, ನೋಟ್‌ಬುಕ್ ತೆಗೀರಿ. ಎಷ್ಟು ಗಂಟೆಗೆ ಎಲ್ಲಿ ಯಾವ ಹಿಂಡು, ಎಷ್ಟು ಮರಿ, ಏನ್ ಮಾಡ್ತಿದ್ವು, ಯಾವ ಕೂಗು ಕೇಳ್ತು, ಗಾಳಿ ಹೆಂಗಿತ್ತು. ಮಕ್ಕಳಿಗೆ ಚಿತ್ರ ಬರಿಯೋಕೆ ಹೇಳಿ. ಮಾರನೇ ದಿನ ಅದೇ ಹರಿದ ಕಿವಿಯ ಹೆಣ್ಣಾನೆ ಮತ್ತೆ ಸಿಕ್ಕಾಗ ಮಕ್ಕಳ ಮುಖ ನೋಡ್ಬೇಕು ನೀವು.

ಮಧ್ಯಾಹ್ನ ರೆಸಾರ್ಟಲ್ಲಿ ಮಲಗೋ ಬದ್ಲು ಪಕ್ಕದ ಊರಿಗೆ ಹೋಗಿ ಟೀ ಕುಡೀರಿ. ನಾವು ಖುಷಿಪಟ್ಟು ನೋಡೋ ಇದೇ ಆನೆ ರಾತ್ರಿ ಬೆಳೆಗೆ ನುಗ್ಗಿದ್ರೆ ಒಬ್ಬ ರೈತನ ವರ್ಷದ ರಾಗಿ, ಬಾಳೆ ಹೋಗತ್ತೆ, ಹೊಲದ ಅಟ್ಟಣೆ ಮೇಲೆ ಕೂತು ರಾತ್ರಿ ಇಡೀ ಕಾಯೋರು ಅವ್ರು. ಡ್ಯಾಮಿಗೆ ಜಮೀನು ಬಿಟ್ಟೋರು, ಕಾಡೊಳಗಿನ ಹಾಡಿ ಬಿಟ್ಟು ಬಂದೋರು ಈ ಸುತ್ತಮುತ್ತಲೇ ಇದಾರೆ. ಅವ್ರು ಕಾಡಿನ ಬಗ್ಗೆ ಹೇಳೋದನ್ನ ಸುಮ್ನೆ ಕೂತು ಕೇಳಿ, ವಾದ ಮಾಡೋಕೆ ಹೋಗ್ಬೇಡಿ. ಜೇನು, ಅವರೆ, ರಾಗಿ ಸಿಕ್ರೆ ಅವ್ರ ಹತ್ರಾನೇ ತಗೊಳ್ಳಿ, ಚೌಕಾಸಿ ಬೇಡ.

ವಾಪಸ್ ಬರೋ ದಾರಿ

ಮಾನಂದವಾಡಿ ರಸ್ತೆ ಕಾಡೊಳಗೆ ಹಾಯ್ದು ಹೋಗತ್ತೆ, ಸಂಜೆ 6ರಿಂದ ಬೆಳಗ್ಗೆ 6ರವರೆಗೆ ಬಂದ್, ಕೇರಳ ಕಡೆ ಹೋಗೋ ಪ್ಲಾನಿದ್ರೆ ಅದಕ್ಕೆ ಸರಿಯಾಗಿ ಟೈಮ್ ನೋಡ್ಕೊಳ್ಳಿ, ಗೇಟ್ ಮುಚ್ಚೋ ಹೊತ್ತಿಗೆ ಅಂತ ಕಾಡೊಳಗೆ ಸ್ಪೀಡಾಗಿ ಓಡಿಸೋದು ಜಿಂಕೆ ಮುಸುವಗಳ ಪ್ರಾಣಕ್ಕೆ ಕುತ್ತು. ರಸ್ತೆ ಬದಿ ಮುಸುವಕ್ಕೆ ಬಿಸ್ಕತ್ತು ಬಾಳೆಹಣ್ಣು ಎಸೀಬೇಡಿ, ಅದು ಆ ರುಚಿ ಕಲ್ತು ಗಾಡಿ ಅಡಿಗೆ ಬೀಳತ್ತೆ. ಆನೆ ರಸ್ತೇಲಿ ನಿಂತಿದ್ರೆ ದೂರದಲ್ಲೇ ನಿಲ್ಲಿಸಿ, ಹಾರ್ನ್ ಬೇಡ, ಹೈಬೀಮ್ ಬೇಡ, ಗಾಡಿಯಿಂದ ಇಳಿಯೋದಂತೂ ಬೇಡವೇ ಬೇಡ, ಹಿಂದೆ ಬರೋರಿಗೆ ಕಾಣೋ ಹಾಗೆ ಪಾರ್ಕಿಂಗ್ ಲೈಟ್ ಹಾಕಿ ಹಿಂದಕ್ಕೆ ಹೋಗೋಕೆ ಜಾಗ ಇಟ್ಕೊಂಡು ಕಾಯಿರಿ, ಅದರ ಮರಿಗಳು ಇನ್ನೂ ದಾಟದೇ ಇರಬಹುದು. ಗಾಯ ಆದ ಪ್ರಾಣಿ ಕಂಡ್ರೆ, ಕಾಡಲ್ಲಿ ಹೊಗೆ ಕಂಡ್ರೆ ನೀವೇ ಇಳಿದು ನೋಡೋಕೆ ಹೋಗ್ಬೇಡಿ, ಜಾಗದ ಗುರುತು ಸರಿಯಾಗಿ ನೋಡ್ಕೊಂಡು ಅರಣ್ಯ ಇಲಾಖೆ ಸಹಾಯವಾಣಿ 1926ಕ್ಕೆ ಫೋನ್ ಮಾಡಿ, ಸಿಗ್ನಲ್ ಇಲ್ಲಾಂದ್ರೆ ಮುಂದಿನ ಚೆಕ್‌ಪೋಸ್ಟಲ್ಲಿ ಇರೋ ಗಾರ್ಡ್‌ಗೆ ಹೇಳಿ ಹೋಗಿ.